ಓದಲಾಗದ ಮಗುವಿಗೆ ಓದಿ ಹೇಳುವ ಕಂಪ್ಯೂಟರ್

ಐದನೇ ತರಗತಿಯಲ್ಲಿದ್ದ ಆ ಹುಡುಗನಿಗೆ ಕಿವಿಗೆ ಬಿದ್ದದ್ದು ಮರೆಯುತ್ತಿರಲಿಲ್ಲ. ಮದ್ರಸದಲ್ಲಿ ಉಸ್ತಾದರು ಹೇಳಿಕೊಟ್ಟದ್ದನ್ನು ಎಲ್ಲರಿಗಿಂತ ಮೊದಲು ಬಾಯಿಪಾಠ ಒಪ್ಪಿಸುತ್ತಿದ್ದ. ಶಾಲೆಯಲ್ಲಿ ಪುಸ್ತಕ ತೆರೆದು ಓದು ಎಂದರೆ ಮಾತ್ರ ಬೆವರುತ್ತಿದ್ದ. ಬರೆದರೆ ಒತ್ತಕ್ಷರಗಳೆಲ್ಲ ಮಾಯ. ಸೋಮಾರಿಯೆಂದು ಎಲ್ಲರೆದುರು ನಾನೇ ಅವನನ್ನು ಗದರಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. "ಹೊಡೆದೂ ನೋಡಿದೆ ಮಾಸ್ಟ್ರೇ, ತಲೆಗೆ ಹತ್ತುವುದೇ ಇಲ್ಲ" ಎಂದು ಅವನ ತಾಯಿ ಕಣ್ಣೀರಿಟ್ಟರು.

ತಲೆಗೆ ಹತ್ತುತ್ತಿತ್ತು, ಕಣ್ಣಿನ ದಾರಿಯಲ್ಲಿ ಅಲ್ಲ ಅಷ್ಟೇ. ಇದನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ಅಕ್ಷರದ ಆಕಾರವನ್ನು ಅದರ ಧ್ವನಿಯೊಂದಿಗೆ ಜೋಡಿಸಲು ಮಿದುಳು ಪಡುವ ಕಷ್ಟವಿದು. ಬುದ್ಧಿಶಕ್ತಿಗೂ ಇದಕ್ಕೂ ಸಂಬಂಧವಿಲ್ಲ. ಅನೇಕ ಸಲ ಇದು ಮನೆತನದಲ್ಲೇ ಹರಿದು ಬರುತ್ತದೆ. 2007ರಲ್ಲಿ ಬಂದ 'ತಾರೆ ಜಮೀನ್ ಪರ್' ಚಲನಚಿತ್ರ ಇಂತಹ ಹುಡುಗನ ಕಥೆಯೇ. ನಮ್ಮ ಮಕ್ಕಳ ಪಾಡು ಇನ್ನೂ ಕಷ್ಟದ್ದು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಜೊತೆಗೆ ಬಲದಿಂದ ಎಡಕ್ಕೆ ಓದುವ ಅರಬಿ. ಕಾಗುಣಿತ, ಒತ್ತಕ್ಷರ ಸೇರಿದರೆ ಕನ್ನಡದಲ್ಲಿ ಗುರುತಿಡಬೇಕಾದ ಆಕಾರಗಳು ನೂರಾರು.

ನಮ್ಮ ಶಾಲೆಯ ಕಂಪ್ಯೂಟರು ಆಗ ಬಟ್ಟೆ ಹೊದ್ದು ಮಲಗಿತ್ತು. ಧೂಳು ಬೀಳಬಾರದೆಂಬ ಕಾಳಜಿ! ಸಹೋದ್ಯೋಗಿ ಶಿಕ್ಷಕಿಯೊಬ್ಬರು ಪಾಠವನ್ನು ಅದರಲ್ಲಿ ಟೈಪ್ ಮಾಡಿ, ಓದಿ ಹೇಳುವ ತಂತ್ರಾಂಶಕ್ಕೆ ಒಪ್ಪಿಸಿದರು. ಅದು ಓದುತ್ತಾ ಹೋದಂತೆ ಆಯಾ ಪದಕ್ಕೆ ಬಣ್ಣ ಬರುತ್ತದೆ. ಕಿವಿ ಕೇಳಿದ್ದನ್ನು ಕಣ್ಣು ಅದೇ ಕ್ಷಣ ನೋಡುತ್ತದೆ. ಅಕ್ಷರ ದೊಡ್ಡದು ಮಾಡಬಹುದು, ನಡುವಿನ ಅಂತರ ಹೆಚ್ಚಿಸಬಹುದು, ವೇಗ ತಗ್ಗಿಸಬಹುದು. ಇಪ್ಪತ್ತು ಸಲ ಕೇಳಿದರೂ ಅದಕ್ಕೆ ಸಿಟ್ಟಿಲ್ಲ. ನನಗೆ ಮೂರನೇ ಸಲಕ್ಕೇ ಬರುತ್ತಿತ್ತು. ಧ್ವನಿ ತುಸು ಯಾಂತ್ರಿಕ, ಮಕ್ಕಳು ಮೊದಮೊದಲು ನಗುತ್ತಾರೆ.

ಹಾಗೆಂದು ಯಂತ್ರದ ಮುಂದೆ ಕೂರಿಸಿ ಎದ್ದು ಹೋದರೆ ಪ್ರಯೋಜನವಿಲ್ಲ. ಅಕ್ಷರ ಮತ್ತು ಧ್ವನಿಯ ಸಂಬಂಧವನ್ನು ಯಾರಾದರೂ ಪಕ್ಕದಲ್ಲಿ ಕುಳಿತು, ದಿನವೂ ಸ್ವಲ್ಪ ಸ್ವಲ್ಪವಾಗಿ ಕಲಿಸಲೇಬೇಕು. ಆ ಶಿಕ್ಷಕಿ ಮಧ್ಯಾಹ್ನದ ಊಟದ ಬಳಿಕ ಅರ್ಧ ಗಂಟೆ ಕೂರುತ್ತಿದ್ದರು.

ತಾಯಂದಿರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕಲಿಕಾ ನ್ಯೂನತೆಯನ್ನೂ ಪಟ್ಟಿಗೆ ಸೇರಿಸಿದೆ. ಇಂತಹ ಮಕ್ಕಳನ್ನು ಬೇಗನೆ ಗುರುತಿಸುವುದು ಶಾಲೆಯ ಹೊಣೆಯೆಂದು ಅದು ಹೇಳುತ್ತದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವೂ ಸಿಗುತ್ತದೆ. 'ಮಗುವಿಗೆ ಹೆಸರು ಕೆಡುತ್ತದೆ' ಎಂದು, ಅದರಲ್ಲೂ ಹೆಣ್ಣು ಮಗುವಾದರೆ, ತಪಾಸಣೆಗೆ ಹಿಂಜರಿಯುವ ಮನೆಗಳನ್ನು ನೋಡಿದ್ದೇನೆ. ದಡ್ಡಿ ಎಂಬ ಹೆಸರು ಆಗಲೇ ಬಿದ್ದಿರುತ್ತದೆ!

ಆ ವರ್ಷ ಹುಡುಗ ಮೊದಲ ದರ್ಜೆಯೇನೂ ಪಡೆಯಲಿಲ್ಲ. ಆದರೆ ಮಾರ್ಚ್ ತಿಂಗಳಲ್ಲಿ ಅಕ್ಕನ ಮದುವೆಗೆ ರಜೆ ಕೇಳಿ ತಾನೇ ಟೈಪ್ ಮಾಡಿದ ಪತ್ರ ತಂದುಕೊಟ್ಟ. ಎರಡು ಒತ್ತಕ್ಷರ ತಪ್ಪಿದ್ದವು. ತಿದ್ದದೆ ಸಹಿ ಹಾಕಿದೆ.