ಗೊಡಾಲ್ಮಿಂಗ್‌ನಲ್ಲಿ ತಂತಿ ಹುಡುಗನ ತೋಟ

ಇಂಗ್ಲೆಂಡಿನ ಸರ್ರೆ ಸೀಮೆಯ ಗೊಡಾಲ್ಮಿಂಗ್ ಕಡಲತಡಿಯ ಊರಲ್ಲ. ಅಲ್ಲಿ ಹರಿಯುವುದು ವೇ ಎಂಬ ಸಣ್ಣ ಹೊಳೆ. ಅದರ ಸಮೀಪ, ಚರ್ಚಿನ ಮಗ್ಗುಲಲ್ಲಿ ಹೆಂಚು ಹೊದಿಸಿದ ಮೊಗಸಾಲೆ, ನಡುವೆ ತೋಟ. ಟೈಟಾನಿಕ್‌ನಲ್ಲಿ ಸತ್ತ ಒಬ್ಬನೇ ವ್ಯಕ್ತಿಗಾಗಿ ಕಟ್ಟಿದ ಸ್ಮಾರಕಗಳಲ್ಲಿ ಅತಿ ದೊಡ್ಡದು ಇದು. ಆ ವ್ಯಕ್ತಿ ಕ್ಯಾಪ್ಟನ್ ಅಲ್ಲ, ಕೋಟ್ಯಧೀಶನೂ ಅಲ್ಲ. ಇದೇ ಊರಿನ ಅಂಚೆ ಕಚೇರಿಯಲ್ಲಿ ತಂತಿ ಕೆಲಸ ಕಲಿತ ಜಾಕ್ ಫಿಲಿಪ್ಸ್.

ಪಕ್ಕದ ಫಾರ್ನ್‌ಕೂಂಬ್‌ನಲ್ಲಿ 1887ರಲ್ಲಿ ಹುಟ್ಟಿದ ಈತ 1906ರಲ್ಲಿ ಮಾರ್ಕೋನಿ ಕಂಪನಿ ಸೇರಿದ. ಟೈಟಾನಿಕ್‌ನಲ್ಲೂ ಅವನು ಆ ಕಂಪನಿಯ ನೌಕರ. ಪ್ರಯಾಣಿಕರ ಖಾಸಗಿ ತಂತಿ ಕಳಿಸುವುದೇ ಮುಖ್ಯ ಕೆಲಸ, ಕಂಪನಿಗೆ ದುಡ್ಡು ಬರುತ್ತಿದ್ದುದೂ ಅದರಿಂದಲೇ. 1912ರ ಏಪ್ರಿಲ್ 14ಕ್ಕೆ, ಹಡಗಿನಲ್ಲೇ ಅವನಿಗೆ 25 ತುಂಬಿ ಮೂರು ದಿನವಾಗಿತ್ತು. ಹಿಂದಿನ ರಾತ್ರಿ ಯಂತ್ರ ಕೆಟ್ಟು, ತಂತಿಗಳು ರಾಶಿಬಿದ್ದಿದ್ದವು. 14ರ ರಾತ್ರಿ ಹತ್ತಿರದ ಕ್ಯಾಲಿಫೋರ್ನಿಯನ್ ಹಡಗು ‘ಹಿಮದ ನಡುವೆ ನಿಂತಿದ್ದೇವೆ’ ಎಂದು ಅಡ್ಡಬಂದಾಗ ಫಿಲಿಪ್ಸ್ ಬಾಯಿಮುಚ್ಚು ಎಂದುಬಿಟ್ಟ. ಕೇಪ್ ರೇಸ್ ಕೇಂದ್ರಕ್ಕೆ ತಂತಿ ಕಳಿಸುವುದರಲ್ಲಿ ಮುಳುಗಿದ್ದ. ಸ್ವಲ್ಪ ಹೊತ್ತಿಗೆ ಕ್ಯಾಲಿಫೋರ್ನಿಯನ್ ಹಡಗಿನ ಆಪರೇಟರ್ ಯಂತ್ರ ಬಂದ್ ಮಾಡಿ ಮಲಗಿದ. 11.40ಕ್ಕೆ ಟೈಟಾನಿಕ್ ಹಿಮಬಂಡೆಗೆ ಬಡಿಯಿತು.

ಆ ಒಂದು ಮಾತಿಗಾಗಿ ಫಿಲಿಪ್ಸ್‌ನನ್ನು ದೂರುವವರು ಇಂದಿಗೂ ಇದ್ದಾರೆ. ನನಗದು ಅರೆನ್ಯಾಯ ಅನ್ನಿಸುತ್ತದೆ. ದಿನವಿಡೀ ತಂತಿ ಬಡಿದ ಹುಡುಗನ ಸಿಡುಕು ಹಿಡಿದವರು, ಇಡೀ ರಾತ್ರಿ ಕಿವಿಗೊಟ್ಟು ಕೂರಲು ಕ್ಯಾಲಿಫೋರ್ನಿಯನ್ ಹಡಗಿನಲ್ಲಿ ಎರಡನೇ ಆಪರೇಟರನ್ನು ಇಡದ ವ್ಯವಸ್ಥೆಯನ್ನೇಕೆ ಬಿಟ್ಟುಬಿಡಬೇಕು? ಅವನು ಆಮೇಲೆ ಸಿಕ್ಯೂಡಿ, ಎಸ್ಒಎಸ್ ಎಂದು ಎರಡು ಗಂಟೆ ಮೊರೆಯಿಟ್ಟ. ಮಲಗಲು ಹೊರಟಿದ್ದ ಕಾರ್ಪೇಥಿಯಾ ಹಡಗಿನ ಆಪರೇಟರ್‌ಗೆ ಅದು ಕೇಳಿಸಿತು; ಆ ಹಡಗು ಬಂದು, ದೋಣಿಗಳಲ್ಲಿದ್ದ ಏಳುನೂರಕ್ಕೂ ಹೆಚ್ಚು ಮಂದಿ ಬದುಕಿದರು. ‘ಇನ್ನು ನಿಮ್ಮ ಕರ್ತವ್ಯ ಮುಗಿಯಿತು’ ಎಂದು ಕ್ಯಾಪ್ಟನ್ ಹೇಳಿದ ಮೇಲೂ ಫಿಲಿಪ್ಸ್ ಕೀಲಿ ಬಿಡಲಿಲ್ಲವೆಂದು ಬದುಕುಳಿದ ಜೊತೆಗಾರ ಹೆರಾಲ್ಡ್ ಬ್ರೈಡ್ ಹೇಳಿದ್ದ.

ಊರಿನವರು ಪುತ್ಥಳಿ ನಿಲ್ಲಿಸಲಿಲ್ಲ. ವಾಸ್ತುಶಿಲ್ಪಿ ಹ್ಯೂ ಥ್ಯಾಕರೆ ಟರ್ನರ್ ಮೊಗಸಾಲೆಯ ವಿನ್ಯಾಸ ಮಾಡಿದರು, ತೋಟ ರೂಪಿಸಿದವರು ಗರ್ಟ್ರೂಡ್ ಜೀಕಲ್, ಇಬ್ಬರೂ ಅಲ್ಲಿನವರೇ. 1914ರ ಏಪ್ರಿಲ್‌ನಲ್ಲಿ, ದುರಂತಕ್ಕೆ ಎರಡು ವರ್ಷ ತುಂಬುವ ಹೊತ್ತಿಗೆ ಅದು ತೆರೆಯಿತು. ಅದೇ ವರ್ಷದ ಜನವರಿಯಲ್ಲಿ ಲಂಡನ್ನಿನಲ್ಲಿ ಸಹಿಯಾದ ಕಡಲ ಸುರಕ್ಷತಾ ಒಪ್ಪಂದ ದೊಡ್ಡ ಹಡಗುಗಳ ವೈರ್‌ಲೆಸ್ ಕೋಣೆಯಲ್ಲಿ ಹಗಲುರಾತ್ರಿ ಆಲಿಸುವ ವ್ಯವಸ್ಥೆ ಬೇಕೆಂದಿತ್ತು. ಮಹಾಯುದ್ಧ ಬಂದು ಅದರ ಜಾರಿ ತಡವಾಯಿತು. ತೋಟಕ್ಕೆ ಆ ಅಡ್ಡಿ ಬರಲಿಲ್ಲ. ಮರುವರ್ಷ ನ್ಯೂಯಾರ್ಕಿನ ಬ್ಯಾಟರಿ ಪಾರ್ಕಿನಲ್ಲಿಯೂ, ಕರ್ತವ್ಯದಲ್ಲಿದ್ದು ಕಡಲಲ್ಲಿ ಸತ್ತ ವೈರ್‌ಲೆಸ್ ಆಪರೇಟರ್‌ಗಳ ಸ್ಮಾರಕವೊಂದು ಎದ್ದಿತು. ಅಲ್ಲಿ ಫಿಲಿಪ್ಸ್‌ನ ಹೆಸರು ಹಲವು ಹೆಸರುಗಳ ನಡುವೆ ಒಂದು.