ಚಳಿಗೆ ಮುನ್ನ ಸಜ್ಜಾಗಲಿ ಕೋಳಿಗೂಡು

ಜಮಖಂಡಿ: ದೀಪಾವಳಿ ಮುಗಿಯುತ್ತಿದ್ದಂತೆ ಕೃಷ್ಣಾ ಹಾಗೂ ಘಟಪ್ರಭಾ ತೀರದ ಊರುಗಳಲ್ಲಿ ಕಬ್ಬಿನ ಕಟಾವು ಬಿರುಸುಗೊಳ್ಳುತ್ತದೆ. ಅದರ ಬೆನ್ನಿಗೇ ಮೂಡಗಾಳಿಯೂ ಬೀಸತೊಡಗುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಹಗಲು ಬಿಸಿಲು ಚುರುಕಾಗಿಯೇ ಇದ್ದರೂ ಡಿಸೆಂಬರ್-ಜನವರಿಯ ನಸುಕಿನಲ್ಲಿ ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಹಿತ್ತಿಲಲ್ಲಿ ಹತ್ತಾರು ಜವಾರಿ ಕೋಳಿ ಸಾಕಿ, ಮೊಟ್ಟೆ ಮಾರಿದ ಹಣದಿಂದ ಸಂತೆಯ ಖರ್ಚು ತೂಗಿಸುವ ಕುಟುಂಬಗಳಿಗೆ ಇದು ಎಚ್ಚರಿಕೆಯ ಕಾಲ.

ಕೋಳಿಯ ದೇಹದ ಉಷ್ಣಾಂಶ ಸುಮಾರು 41 ಡಿಗ್ರಿ ಸೆಲ್ಸಿಯಸ್. ಚಳಿಯಲ್ಲಿ ಅದು ಗರಿಗಳನ್ನು ಉಬ್ಬಿಸಿ ನಡುವೆ ಗಾಳಿಯನ್ನು ಹಿಡಿದಿಟ್ಟು ಮೈ ಬೆಚ್ಚಗಿರಿಸಿಕೊಳ್ಳುತ್ತದೆ. ಗರಿ ಒಣಗಿದ್ದರೆ ನಮ್ಮ ನಾಡಿನ ಚಳಿ ಬೆಳೆದ ಕೋಳಿಗೆ ಮಾರಕವಲ್ಲ. ಒದ್ದೆ ನೆಲ ಮತ್ತು ನೇರವಾಗಿ ಬಡಿಯುವ ಗಾಳಿಯೇ ಅಪಾಯಕಾರಿ. ಕೋಳಿಯ ಗಾತ್ರ ಚಿಕ್ಕದಾದಷ್ಟೂ ದೇಹದ ಶಾಖ ಬೇಗ ನಷ್ಟವಾಗುತ್ತದೆ. ಆದ್ದರಿಂದ ಅಲಂಕಾರಕ್ಕೆಂದು ಸಾಕುವ ಬ್ಯಾಂಟಮ್ ಕಿರುಕೋಳಿಗಳಿಗೂ ಮರಿಗಳಿಗೂ ಹೆಚ್ಚಿನ ಆರೈಕೆ ಬೇಕು.

ಗೂಡು ಬೆಚ್ಚಗಿರಲಿ, ಉಸಿರುಗಟ್ಟದಿರಲಿ

ಗೂಡಿನ ಮೂಡಣ ಮತ್ತು ಬಡಗಣ ದಿಕ್ಕಿಗೆ ಗೋಣಿತಾಟು ಅಥವಾ ತಾಡಪತ್ರಿಯ ಪರದೆ ಕಟ್ಟಬೇಕು. ಬಿಸಿಲೇರಿದ ನಂತರ ಅದನ್ನು ಎತ್ತಿ ಕಟ್ಟುವುದು ಅಗತ್ಯ. ಚಳಿಯ ಭಯದಿಂದ ಎಲ್ಲ ಕಿಂಡಿಗಳನ್ನೂ ಮುಚ್ಚುವುದು ಸಾಮಾನ್ಯವಾಗಿ ಆಗುವ ತಪ್ಪು. ಹಾಗೆ ಮಾಡಿದರೆ ಹಿಕ್ಕೆಯಿಂದ ಏಳುವ ಅಮೋನಿಯಾ ಒಳಗೇ ಉಳಿದು ಉಸಿರಾಟದ ರೋಗಗಳಿಗೆ ದಾರಿಯಾಗುತ್ತದೆ. ಸೂರಿಗೆ ಹತ್ತಿರ, ಕೋಳಿಗಳು ಕೂರುವ ಎತ್ತರಕ್ಕಿಂತ ಮೇಲೆ, ಗಾಳಿಯಾಡಲು ಸ್ಥಳ ಬಿಡಬೇಕು.

ನೆಲಕ್ಕೆ ಎರಡು-ಮೂರು ಅಂಗುಲ ದಪ್ಪ ಭತ್ತದ ಹೊಟ್ಟು, ಶೇಂಗಾ ಸಿಪ್ಪೆ ಅಥವಾ ಮರದ ಪುಡಿ ಹರಡಿ ಆಗಾಗ ಕೆದಕುತ್ತಿರಬೇಕು. ಈ ಭಾಗದಲ್ಲಿ ಧಾರಾಳವಾಗಿ ದೊರೆಯುವ ಕಬ್ಬಿನ ರವದಿಯನ್ನು ಬಳಸುವುದಾದರೆ ಚೆನ್ನಾಗಿ ಒಣಗಿಸಿ, ಕತ್ತರಿಸಿ ಹಾಕಬೇಕು. ಬೂಷ್ಟು ಹಿಡಿದ ರವದಿ ಶ್ವಾಸಕೋಶಕ್ಕೆ ಹಾನಿಕರ. ಅದು ಬೇಗ ಬೆಂಕಿ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ದೀಪವನ್ನು ಅದರಿಂದ ದೂರವಿರಿಸಬೇಕು. ಮುಚ್ಚಿದ ಗೂಡಿನಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದಂತೂ ಕೂಡದು. ಅದರ ವಿಷಾನಿಲ ಕೋಳಿಗಳ ಪ್ರಾಣಕ್ಕೇ ಎರವಾದೀತು.

ಮೊದಲ ವಾರದ ಮರಿಗಳಿಗೆ ಸುಮಾರು 35 ಡಿಗ್ರಿ ಶಾಖ ಬೇಕು. ನಂತರ ವಾರಕ್ಕೆ ಎರಡು-ಮೂರು ಡಿಗ್ರಿಯಂತೆ ಇಳಿಸಬಹುದು. ಮರಿಗಳು ದೀಪದ ಕೆಳಗೆ ಒತ್ತೊತ್ತಾಗಿ ನಿಂತರೆ ಶಾಖ ಸಾಲದು, ದೂರ ಓಡಿದರೆ ಹೆಚ್ಚಾಗಿದೆ ಎಂದರ್ಥ.

ಸಂಜೆಯ ಕಾಳು, ನಸುಕಿನ ನೀರು

ಚಳಿಯಲ್ಲಿ ಮೈ ಬಿಸಿಗಾಗಿಯೇ ಕೋಳಿಗೆ ಹೆಚ್ಚಿನ ಆಹಾರ ಬೇಕಾಗುತ್ತದೆ. ಗೂಡು ಸೇರುವ ಮುನ್ನ ಒಂದು ಹಿಡಿ ಗೋವಿನಜೋಳ, ಜೋಳ ಅಥವಾ ಸಜ್ಜೆ ಹಾಕಿದರೆ ರಾತ್ರಿಯಿಡೀ ಅದು ಜೀರ್ಣವಾಗುತ್ತಾ ಶಾಖ ನೀಡುತ್ತದೆ. ಆದರೆ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಗೋವಿನಜೋಳವನ್ನು ಕೋಳಿಗಾದರೂ ಹಾಕೋಣವೆಂಬ ಆಲೋಚನೆ ಸಲ್ಲದು. ಅದರಲ್ಲಿನ ಅಫ್ಲಾಟಾಕ್ಸಿನ್ ವಿಷ ಯಕೃತ್ತನ್ನು ಕೆಡಿಸುತ್ತದೆ. ತಣ್ಣನೆಯ ನೀರನ್ನು ಕೋಳಿಗಳು ಕಡಿಮೆ ಕುಡಿಯುವುದರಿಂದ ಬೆಳಿಗ್ಗೆ ಉಗುರುಬೆಚ್ಚಗಿನ ನೀರಿಡುವುದು ಉತ್ತಮ.

ಮೊಟ್ಟೆ ಕಡಿಮೆಯಾಗಲು ಚಳಿಯೊಂದೇ ಕಾರಣವಲ್ಲ. ಉತ್ತಮ ಇಳುವರಿಗೆ ದಿನಕ್ಕೆ 14ರಿಂದ 16 ತಾಸು ಬೆಳಕು ಬೇಕು. ಡಿಸೆಂಬರಿನಲ್ಲಿ ಇಲ್ಲಿ ಹಗಲು 11 ತಾಸಿಗಿಂತ ತುಸು ಹೆಚ್ಚಷ್ಟೆ. ಗಿರಿರಾಜ, ಸ್ವರ್ಣಧಾರಾದಂತಹ ಸುಧಾರಿತ ತಳಿಗಳಿಗೆ ನಸುಕಿನಲ್ಲಿ ದೀಪ ಹಚ್ಚುವುದು ಪ್ರಯೋಜನಕಾರಿ. ಕಾವು ಕೂರುವ ಸ್ವಭಾವದ ಜವಾರಿ ಕೋಳಿಗೆ ಗರಿ ಬದಲಿಸುವ ಈ ಬಿಡುವು ಸಹಜವಾದುದು.

ಲಸಿಕೆಗೆ ನೆರೆಹೊರೆ ಕೂಡಬೇಕು

ಒಂದೇ ವಾರದಲ್ಲಿ ಇಡೀ ಗೂಡನ್ನು ಬರಿದು ಮಾಡಬಲ್ಲದ್ದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ಭೇದಿ, ಏದುಸಿರು, ಕತ್ತು ತಿರುಚುವಿಕೆ ಇದರ ಲಕ್ಷಣಗಳು. ಇದಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯೇ ರಕ್ಷೆ. ಮರಿಗೆ 5ರಿಂದ 7 ದಿನದೊಳಗೆ ಕಣ್ಣು ಅಥವಾ ಮೂಗಿಗೆ ಹನಿ, ಎಂಟು ವಾರದ ಸುಮಾರಿಗೆ ಚುಚ್ಚುಮದ್ದು ನೀಡುವುದು ರೂಢಿ. ತೊಡಕಿರುವುದು ಬೇರೆಡೆ. ಲಸಿಕೆಯ ಒಂದು ಸೀಸೆ ನೂರಾರು ಕೋಳಿಗಳಿಗಾಗುವಷ್ಟಿರುತ್ತದೆ. ಒಮ್ಮೆ ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಬಳಸಿ ಮುಗಿಸಬೇಕು. ಹತ್ತು ಕೋಳಿ ಇರುವವರು ಇದೇ ಕಾರಣಕ್ಕೆ ಹಿಂಜರಿಯುತ್ತಾರೆ. ಓಣಿಯವರೆಲ್ಲ ಒಂದು ದಿನ ಗೊತ್ತುಮಾಡಿ ಪಶುವೈದ್ಯರನ್ನು ಕಂಡರೆ ಖರ್ಚೂ ಹಂಚಿಹೋಗುತ್ತದೆ, ರೋಗಕ್ಕೂ ತಡೆ ಬೀಳುತ್ತದೆ. ಲಸಿಕೆಗೆ ಒಂದೆರಡು ವಾರ ಮೊದಲು ಜಂತುನಾಶಕ ಕೊಡಿಸುವುದು ಒಳಿತು.

ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ವಲಸೆ ಹಕ್ಕಿಗಳು ಬರುತ್ತವೆ. ಕಾಡುನೀರುಹಕ್ಕಿಗಳು ಹಕ್ಕಿಜ್ವರದ ವೈರಾಣುವನ್ನು ಹೊತ್ತು ತರುವ ಸಾಧ್ಯತೆಯಿರುವುದರಿಂದ ಹಿನ್ನೀರ ದಡದಲ್ಲಿ ಕೋಳಿ ಮೇಯಿಸದಿರುವುದು ಕ್ಷೇಮ. ರಾಜ್ಯದಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈ ಜ್ವರ ಕಾಣಿಸಿಕೊಂಡಿತ್ತು. ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಅವನ್ನು ಕೊಯ್ಯದೆ, ಮಾರದೆ, ತಕ್ಷಣ ಪಶು ಆಸ್ಪತ್ರೆಗೆ ತಿಳಿಸಬೇಕು.

ಒಂದು ಪರದೆ, ಒಣ ಹಾಸು, ಸಂಜೆಯ ಹಿಡಿ ಕಾಳು, ಸಕಾಲದ ಲಸಿಕೆ: ಸಿದ್ಧತೆ ಇಷ್ಟೇ. ಸಂಕ್ರಾಂತಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಹೇಂಟೆ ಮತ್ತೆ ಮೊಟ್ಟೆಗೆ ಕೂರುವುದು ಈ ಎರಡು ತಿಂಗಳ ಕಾಳಜಿಯನ್ನೇ ಅವಲಂಬಿಸಿದೆ.