ಗೇಮಿಂಗ್ ಮೌಸ್ ತಗೋತೀರಾ? ಬಾಕ್ಸ್ ಮೇಲಿನ ನಂಬರ್ ಬಿಡಿ, ಕೈಯಲ್ಲಿ ಹಿಡಿದು ನೋಡಿ

"ಅಪ್ಪಾ, ಗೇಮಿಂಗ್ ಮೌಸ್ ಬೇಕು" ಅಂತ ಮಗ ಹಠ ಹಿಡಿದಿರುತ್ತಾನೆ. ಅಂಗಡಿಗೆ ಹೋದ್ರೆ ಬಣ್ಣಬಣ್ಣದ ಲೈಟ್ ಹತ್ತುವ ಹತ್ತಾರು ಮೌಸ್. ಒಂದರ ಮೇಲೆ 7,200 ಡಿಪಿಐ, ಇನ್ನೊಂದರ ಮೇಲೆ 12,800 ಡಿಪಿಐ. ನಂಬರ್ ದೊಡ್ಡದಿದ್ದದ್ದೇ ಒಳ್ಳೇದು ಅಂದುಕೊಂಡು ದುಡ್ಡು ಕೊಟ್ಟು ಬರುತ್ತೇವೆ. ನಾಲ್ಕು ತಿಂಗಳಲ್ಲಿ ಬಟನ್ ಕೆಟ್ಟು ಮೌಸ್ ಮೂಲೆ ಸೇರುತ್ತೆ.

ಮೊದಲು ಒಂದು ಮಾತು. ಮಕ್ಕಳು ಬಿಜಿಎಂಐ, ಫ್ರೀ ಫೈರ್ ಆಟವನ್ನು ಮೊಬೈಲ್‌ನಲ್ಲೇ ಆಡ್ತಿದ್ರೆ ಈ ಮೌಸ್ ಬೇಕಾಗಿಯೇ ಇಲ್ಲ. ಕಂಪ್ಯೂಟರ್‌ನಲ್ಲಿ ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ಥರ ಗುರಿ ಇಟ್ಟು ಹೊಡೆಯುವ ಆಟ ಆಡುವವರಿಗೆ ಇದರ ಉಪಯೋಗ ಹೆಚ್ಚು.

ಡಿಪಿಐ ಅಂದ್ರೆ ಏನು?

ಮೌಸ್ ಒಂದು ಇಂಚು ಸರಿದಾಗ ಕಂಪ್ಯೂಟರಿಗೆ ಎಷ್ಟು ಎಣಿಕೆ ಕಳಿಸುತ್ತದೆ ಎಂಬ ಲೆಕ್ಕವೇ ಡಿಪಿಐ. 800 ಇಟ್ಟರೆ, 1920 ಚುಕ್ಕೆ ಅಗಲದ ಪರದೆಯಲ್ಲಿ ಕರ್ಸರ್ ಈ ತುದಿಯಿಂದ ಆ ತುದಿಗೆ ಹೋಗಲು ಮೌಸ್ ಸುಮಾರು 6 ಸೆಂ.ಮೀ. ಸರಿಯಬೇಕು. 12,800 ಇಟ್ಟರೆ ಬರೀ 4 ಮಿ.ಮೀ. ಸಾಕು! ಅಷ್ಟು ಚುರುಕಾದ್ರೆ ಗುರಿ ನಿಲ್ಲುತ್ತಾ? ಅದಕ್ಕೇ ಪಳಗಿದ ಆಟಗಾರರಲ್ಲಿ ಹೆಚ್ಚಿನವರು 400ರಿಂದ 1600ರ ಒಳಗೇ ಇಟ್ಟುಕೊಳ್ಳುತ್ತಾರೆ.

ನೋಡಬೇಕಾದ್ದು ಇನ್ನೊಂದು ಇದೆ: ಪೋಲಿಂಗ್ ರೇಟ್. ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತೆ ಅನ್ನೋದು. ಸಾಮಾನ್ಯ ಮೌಸ್‌ನಲ್ಲಿ 125 ಹರ್ಟ್ಜ್, ಅಂದ್ರೆ 8 ಮಿಲಿಸೆಕೆಂಡಿಗೊಮ್ಮೆ. ಗೇಮಿಂಗ್‌ಗೆ 1000 ಹರ್ಟ್ಜ್ ಇರಲಿ, ಅದು 1 ಮಿಲಿಸೆಕೆಂಡಿಗೊಮ್ಮೆ. ವೈರ್‌ಲೆಸ್ ಬೇಕಿದ್ರೆ ಬ್ಲೂಟೂತ್ ಮಾತ್ರ ಇರುವುದು ಬೇಡ, ಯುಎಸ್‌ಬಿ ಡಾಂಗಲ್ ಜೊತೆ ಬರುವುದನ್ನು ಕೇಳಿ. ಬಜೆಟ್ ಕಡಿಮೆ ಇದ್ರೆ ವೈರ್ ಇರುವುದೇ ವಾಸಿ.

ಕೈಗೆ ತಕ್ಕ ಮೌಸ್

ಇಡೀ ಅಂಗೈ ಊರಿ ಹಿಡಿಯುವವರಿಗೆ ಬೆನ್ನು ಉಬ್ಬಿದ, ಉದ್ದನೆಯ ಮೌಸ್ ಹಿತ. ಬೆರಳ ತುದಿಯಲ್ಲಿ ಆಡಿಸುವವರಿಗೆ ಚಿಕ್ಕದು, ಹಗುರವಾದದ್ದು ಬೇಕು. ತೂಕ 60ರಿಂದ 90 ಗ್ರಾಂ ಇದ್ರೆ ಹೆಚ್ಚಿನವರಿಗೆ ಸರಿಹೋಗುತ್ತೆ. ಎಡಗೈ ಮಕ್ಕಳಿಗೆ ಎರಡೂ ಕಡೆ ಒಂದೇ ಆಕಾರ ಇರುವ ಮೌಸ್ ಕೊಡಿಸಿ. ಹೊಂದದ ಮೌಸ್ ಹಿಡಿದು ಗಂಟೆಗಟ್ಟಲೆ ಆಡಿದ್ರೆ ಮಣಿಕಟ್ಟು ನೋವು ಬರಬಹುದು.

ಅಂಗಡಿಯಲ್ಲೇ ಪರೀಕ್ಷೆ ಮಾಡಿ

• ಪೇಂಟ್ ತೆರೆದು ಜೋರಾಗಿ ಗೆರೆ ಎಳೆಯಿರಿ. ಕರ್ಸರ್ ಎಲ್ಲೆಲ್ಲೋ ಹಾರಿದ್ರೆ ಸೆನ್ಸರ್ ಸರಿಯಿಲ್ಲ.
• ಫೋಲ್ಡರ್ ಮೇಲೆ ಒಂದೊಂದೇ ಸಲ, ಬಿಟ್ಟು ಬಿಟ್ಟು ಒತ್ತಿ. ಒಂದೇ ಒತ್ತಿಗೆ ತೆರೆದುಕೊಂಡ್ರೆ ಬಟನ್ ದೋಷ ಇರಬಹುದು.
• ಕೇಬಲ್ ಬುಡ ಅಲ್ಲಾಡಿಸಿ ನೋಡಿ. ಲೈಟ್ ಆರಿ ಹತ್ತಿದ್ರೆ ಬೇಡ ಅನ್ನಿ.

ಅಂಗಡಿಯವರಿಗೂ ಒಂದು ಮನವಿ: ಒಂದೆರಡು ಮೌಸ್ ಬಾಕ್ಸ್‌ನಿಂದ ತೆಗೆದು ಕೌಂಟರ್ ಮೇಲಿಡಿ. ಹಿಡಿದು ನೋಡಿ ಕೊಂಡವರು ಬದಲಾಯಿಸಿಕೊಡಿ ಅಂತ ವಾಪಸ್ ಬರೋದು ಕಡಿಮೆ. ಆನ್‌ಲೈನ್‌ನಲ್ಲಿ ಸಿಗದ ಈ ಅನುಕೂಲವೇ ನಿಮ್ಮ ಬಲ.

ಬಿಲ್ ಮರೀಬೇಡಿ

ಬಿಲ್ ಇಲ್ಲದೆ ವಾರಂಟಿ ಕೇಳೋದು ಕಷ್ಟ. ಬಿಲ್‌ನಲ್ಲಿ ಮಾಡೆಲ್ ಹೆಸರು, ದಿನಾಂಕ ಇದೆಯಾ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ತಕರಾರು ಬಗೆಹರಿಯದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಮನೆಗೆ ತಂದ ಮೇಲೆ ಗಾಜಿನ ಟೇಬಲ್ ಮೇಲೆ ಇಡಬೇಡಿ, ಬಟ್ಟೆಯ ಪ್ಯಾಡ್ ಹಾಕಿ. ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ 'ಎನ್ಹಾನ್ಸ್ ಪಾಯಿಂಟರ್ ಪ್ರಿಸಿಷನ್' ಆಫ್ ಮಾಡಿ, ಕೈ ಸರಿದಷ್ಟೇ ಕರ್ಸರ್ ಸರಿಯುತ್ತೆ. ಇಷ್ಟು ಮಾಡಿದ್ರೆ ಮಗನ ಆಟವೂ ಸುಧಾರಿಸುತ್ತೆ, ನಿಮ್ಮ ದುಡ್ಡೂ ಉಳಿಯುತ್ತೆ.